ಜರ್ಮನಿನಲ್ಲಿ ಎಂತ ಅಂದರೆ

ಉಪ್ಪುಂದ
೧೯-೨-೧೯೬೬, ಶನಿವಾರ

ಚಿರಂಜೀವಿ ಶೇಖರನಿಗೆ ನಿನ್ನ ಅಪ್ಪಯ್ಯನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಬಂತು. ಕೆಮ್ಮು ಹೋಯಿತೋ ಇಲ್ಲವೋ ಎಂಬುದನ್ನು ಮಾತ್ರ ಬರೆಯಲಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀ ತಾನೇ? ನಿನ್ನ ಸೋದರಮಾವ ಚಂದಯ್ಯ ತನ್ನ ಬೊಂಬಾಯಿ ಹೋಟೆಲಿನ ಗಿರಾಕಿಗಳಿಗೆ ಬಡಿಸುವ ಭರದಲ್ಲಿ ಮನೆ ಹುಡುಗನ ಹೊಟ್ಟೆ ಮರೆಯುವ ಜನ. ರಾತ್ರಿ ಓದುವಾಗ ಕಿವಿಗೆ ಗಾಳಿ ಹೊಡೆಯದ ಹಾಗೆ ಬಟ್ಟೆ ಸುತ್ತಿಕೋ. ಇದೆಲ್ಲ ಕೇಳಬೇಕಾದವಳು ನಿನ್ನ ಅಮ್ಮ. ಈಗ ಅವಳ ಪಾಲಿನದ್ದನ್ನೂ ನಾನೇ ಕೇಳುತ್ತಿದ್ದೇನೆ. ಮರೆಯದೆ ಉತ್ತರ ಬರೆ.

ಅಮ್ಮ ಮಾತಾಡುತ್ತಾಳಾ, ನಾನು ಹೊರಟು ಬರಲಾ ಎಂದು ಕೇಳಿದ್ದೀ. ಬರುವುದು ಬೇಡ. ಪರೀಕ್ಷೆ ಮುಂದಿನ ತಿಂಗಳೇ ಇದೆ, ಈಗ ಎದ್ದು ಬಂದರೆ ಒಂದು ವರ್ಷ ಹೋದ ಹಾಗೆ. ಶಾಲೆಯ ಹುಡುಗರೆಲ್ಲ ಸಂಸ್ಕೃತ ತೆಗೆದುಕೊಂಡರೆ ನಿನಗೆ ಜರ್ಮನ್ ಬೇಕಾಯಿತು, ಅದೂ ಲೋವರ್ ಅಲ್ಲ, ಹೈಯರ್ ದರ್ಜೆಯದ್ದು. ಊರಿಗೆಲ್ಲ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಎಂದು ನಾನು ನಗಾಡಿದೆ. ಚಂದಯ್ಯನಂತೂ, ಲೋವರ್ ಸಾಕು, ಉಳಿದ ಹೊತ್ತು ಹೋಟೆಲಿನ ಗಲ್ಲದಲ್ಲಿ ಕೂತು ದುಡ್ಡು ಎಣಿಸಲಿ ಎಂದು ಬರೆದ. ಆ ಕಾಗದ ಓದಿ ಹೇಳಿದಾಗ ನಿನ್ನ ಅಮ್ಮ ಒಲೆ ಮುಂದಿನಿಂದಲೇ, "ಗಲ್ಲದಂಗೆ ಕೂಕಂಬುಕೆ ಸಾವ್ರ ಜನ ಸಿಕ್ತ್ರ್. ಹೈಯರ್ ಓದುಕೆ ನನ್ ಮಗನೇ ಬೇಕ್" ಅಂದಳು. ಹೈಯರ್ ಅಂದರೇನು ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಅವಳ ಆ ಮಾತಿನ ಮೇಲೆ ನೀನು ಇಷ್ಟು ದೂರ ಓದಿದ್ದೀ, ಅದನ್ನು ನಡುನೀರಿನಲ್ಲಿ ಬಿಡಬೇಡ.

ಕಳೆದ ಮೇ ರಜೆ ನೆನಪಾಗುತ್ತದೆ. ನೀನು ಸಂಜೆ ಜಗಲಿಯಲ್ಲಿ ಪುಸ್ತಕ ಬಿಡಿಸಿಕೊಂಡು ಕೂತಿದ್ದೆ. ಅವಳು ಬಾಗಿಲಿಗೆ ಬಂದು, "ಎಂತ ಮಗಾ ಓದೂದ್?" ಎಂದು ಕೇಳಿದಳು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕು, "ಅಮ್ಮಾ, ಜರ್ಮನಂಗೆ ಎಂತ ಅಂದ್ರೆ ಬಾತುಕೋಳಿ" ಅಂದೆ. ಅವಳು ಸೊಂಟಕ್ಕೆ ಕೈಯಿಟ್ಟು, "ಹಾಂಗಾರೆ ಇಷ್ಟ್ ವರ್ಷ ನಾನ್ ನಿಮ್ಮೆಲ್ರನ್ನ ಬಾತುಕೋಳಿ ಅಂದೇಳಿ ಕರ್ದದ್ದಾ?" ಎಂದಳು. ಆಮೇಲೆ ಅವಳು ಎಂತ ಅಂದಾಗಲೆಲ್ಲ ನೀನು ಬಾತುಕೋಳಿಯ ಹಾಗೆ ಕೂಗುವುದು, ಅವಳು ಸೌಟು ಎತ್ತಿಕೊಂಡು ಓಡಿಸುವುದು. ನೀನು ತಿರುಗಿ ಬೊಂಬಾಯಿಗೆ ಹೋದ ಮೇಲೂ ಎಂತ ಎಂದವಳು ತಾನೇ ಬಾಯಿ ಮುಚ್ಚಿ ನಗುತ್ತಿದ್ದಳು.

ಮಗಾ, ದೀಪಾವಳಿ ಕಳೆದು ಅವಳ ಬಲಭಾಗ ಬಿದ್ದುಹೋದದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಈಗ ಬರೆಯುತ್ತೇನೆ. ಮಾತು ಸ್ವಲ್ಪ ಸ್ವಲ್ಪ ಬರುತ್ತಿದೆ ಎಂದು ಬರೆದಿದ್ದೆನಲ್ಲ, ಬಂದದ್ದು ಒಂದೇ ಮಾತು. ಎಂತ. ನೀರು ಬೇಕಾದರೂ ಎಂತ, ಮಗ್ಗುಲು ಬದಲಿಸಬೇಕಾದರೂ ಎಂತ, ಕರು ಕೂಗಿದರೂ ಎಂತ. ಯಡ್ತರೆಯಿಂದ ನಿನ್ನ ಅಕ್ಕ ಪದ್ದು ಬಂದು ಆರೈಕೆಗೆ ನಿಂತಿದ್ದಾಳೆ. ಅವಳಿಗೆ ಇದರ ತಲೆಬುಡ ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ. ಗಿಡ್ಡ ಎಂತ ನೀರಿಗೆ, ಎಳೆದ ಎಂತ ನೋವಿಗೆ. ನೀನು ಅಲ್ಲಿ ಮಾಸ್ತರರ ಮುಂದೆ ಹೈಯರ್ ಕಲಿತರೆ ನಾನು ಇಲ್ಲಿ ಚಾಪೆಯ ಬದಿಗೆ ಕೂತು ಹೈಯರ್ ಕಲಿಯುತ್ತಿದ್ದೇನೆ.

ಆದರೆ ಸಂಜೆ ಹೊತ್ತಿನ ಒಂದು ಎಂತ ನನಗೆ ಬಿಡಿಸಲಾಗಲಿಲ್ಲ. ನೀರು ಕೊಟ್ಟೆ, ಬೇಡ. ಕಷಾಯ ಕೊಟ್ಟೆ, ತುಟಿ ಬಿಗಿಹಿಡಿದಳು. ಎಡಗೈಯಿಂದ ಜಗಲಿಯ ಕಡೆಗೆ ತೋರಿಸುತ್ತಾಳೆ. ಬಾಗಿಲು ಹಾಕಬೇಕೇನೋ ಎಂದು ಹಾಕಿದರೆ ಕಣ್ಣಲ್ಲಿ ನೀರು. ಎಷ್ಟೋ ಸಂಜೆ ಹೀಗೆ ಬಾಗಿಲು ಹಾಕಿ ಅವಳನ್ನು ಅಳಿಸಿದೆ. ಮೊನ್ನೆ ನಿನ್ನ ಕಾಗದ ಬಂದಾಗ ಹೊಳೆಯಿತು. ನೀನು ಬಿಟ್ಟು ಹೋದ ಜರ್ಮನ್ ಚಿತ್ರದ ಪುಸ್ತಕ ತಂದು ಬಾತುಕೋಳಿಯ ಪುಟ ತೆರೆದು ಹಿಡಿದೆ. ಬಹಳ ಹೊತ್ತು ನೋಡಿದಳು. ಬೆರಳಿಟ್ಟು ಮೆಲ್ಲಗೆ ಎಂತ ಅಂದಳು. ಸರಿಯಾಗಿರುವ ಅರ್ಧ ಮುಖದಲ್ಲಿ ನಕ್ಕಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳ ಬಾಯಿಂದ ಸರಿಯಾದ ಮಾತು ಬಂತು, ನಿನ್ನ ಜರ್ಮನ್ ಲೆಕ್ಕದಲ್ಲಾದರೂ. ನಾನು ದನದ ಹಟ್ಟಿಗೆ ಹೋಗಿ ಅತ್ತು ಬಂದೆ.

ಅವಳು ಕೇಳುತ್ತಿದ್ದದ್ದು ಜಗಲಿಯಲ್ಲಿ ಕೂತು ಓದುತ್ತಿದ್ದ ನಿನ್ನನ್ನು. ಹಾಗೆಂದು ಬರಬೇಡ. ಪರೀಕ್ಷೆ ಮುಗಿಸಿ ಬಂದು ಆ ಭಾಷೆಯಲ್ಲಿ ಅವಳಿಗೆ ನಾಲ್ಕು ಮಾತು ಹೇಳು, ಅಷ್ಟು ಸಾಕು. ಚಂದಯ್ಯನಿಗೆ ನಾನು ಕೇಳಿದೆನೆಂದು ಹೇಳು. ಮನೆದೇವರು ನಿನ್ನ ಪೆನ್ನಿನ ಮೇಲೆ ಕೈಯಿಟ್ಟಿರಲಿ.

ಇಂತಿ ನಿನ್ನ ಅಪ್ಪಯ್ಯ,
ಮಂಜಯ್ಯ

ತಾ.ಕ.: ಭಾನುವಾರ ಮಧ್ಯಾಹ್ನ. ಮೇಲೆ ಬರೆದದ್ದನ್ನು ಬಿಡು. ಇವತ್ತು ಬೆಳಿಗ್ಗೆಯಿಂದ ಅವಳು ಎಂತ ಎನ್ನಲಿಲ್ಲ. ನೀರಿಗೂ ಇಲ್ಲ, ಪುಸ್ತಕ ಹಿಡಿದರೂ ಇಲ್ಲ. ಬೈಂದೂರಿನ ಡಾಕ್ಟರು ಬಂದು ನೋಡಿ, ಮಗನಿಗೆ ತಿಳಿಸಿ ಅಂದರು. ತಂತಿ ಕೊಟ್ಟರೆ ನೀನು ಮುಗಿದೇ ಹೋಯಿತೆಂದು ಎದೆ ಒಡೆದುಕೊಳ್ಳುತ್ತೀ. ನಮ್ಮ ನೆರೆಮನೆಯ ಬಚ್ಚ ಈಗಲೇ ಬೊಂಬಾಯಿ ಬಸ್ಸಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಪರೀಕ್ಷೆ ಬರುವ ವರ್ಷವೂ ಇರುತ್ತದೆ. ಹೊರಟು ಬಾ ಮಗಾ. ಜಗಲಿಯಿಂದಲೇ ಬಾತುಕೋಳಿಯ ಹಾಗೆ ಕೂಗು. ನಿನಗಾದರೂ ಎಂತ ಅಂದಾಳು.