ಬಜೆ ಡಬ್ಬಿಯ ಹಿಂದೆ

ಗದಗ-ಬೆಟಗೇರಿ, ಹದಿನೇಳನೆಯ ಗಾಳಿಕಂಬ
೨೧೯೪ನೆಯ ಇಸವಿ, ಮೂರನೆಯ ಬೇಸಿಗೆಯ ನಲವತ್ತೊಂದನೆಯ ದಿನ

ಪೂಜ್ಯ ಅಜ್ಜ ಮಹಾಂತೇಶ ಅವರ ಸನ್ನಿಧಿಗೆ, ತಮ್ಮ ಮರಿಮೊಮ್ಮಗನ ಮೊಮ್ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು.

ಹಿರಿಯರನ್ನು ಬಹುವಚನದಲ್ಲಿ ಕರೆಯಬೇಕೆಂಬ ಸಂಸ್ಕಾರ ನಮ್ಮಲ್ಲಿ ಇನ್ನೂ ಉಳಿದಿದೆ. ಅದನ್ನು ಮೇಲಿನ ಒಂದು ಸಾಲಿನಲ್ಲಿ ಪೂರೈಸಿದ್ದೇನೆ. ಇನ್ನು ಮುಂದೆ ನೀನು.

ಈ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮ ವರ್ಷಕ್ಕೆ ಐದು ಬೇಸಿಗೆ, ನಡುನಡುವೆ ನಾಲ್ಕು ದಿನ ತಂಪು. ನನ್ನ ಕೆಲವು ಮಾತುಗಳೂ ನಿನಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸು. ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ. ಈ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಬರೆಯಲು ಅನುಮತಿ. ಜನ ಅದನ್ನು ಸತ್ತ ತಾಯಿಗೋ ಕಳೆದುಹೋದ ಗೆಳೆಯನಿಗೋ ಬರೆಯುತ್ತಾರೆ. ನಾನು ನನ್ನದನ್ನು ನಿನ್ನ ಮೇಲೆ ಖರ್ಚು ಮಾಡುತ್ತಿದ್ದೇನೆ. ನನ್ನ ಸಿಟ್ಟು ಎಷ್ಟಿದೆ ಎಂದು ಇದರಲ್ಲೇ ತಿಳಿದುಕೋ.

ಮೊದಲು ನನ್ನ ಮನೆಯ ವಿಚಾರ ಹೇಳಬೇಕು. ನಿನ್ನ ಕಾಲದಲ್ಲಿ ಗುಡ್ಡದ ಮೇಲೆ ರೆಕ್ಕೆ ತಿರುಗಿಸುತ್ತ ನಿಂತಿದ್ದ ಗಾಳಿಯಂತ್ರಗಳ ಕಂಬಗಳಲ್ಲಿ ನಾವೀಗ ಸಂಸಾರ ಮಾಡುತ್ತೇವೆ. ಮನೆ ದುಂಡಗೆ, ಒಂದೂ ಮೂಲೆಯಿಲ್ಲ, ಅದಕ್ಕೇ ಕಸಬರಿಗೆ ಎಲ್ಲಿ ಒರಗಿಸಬೇಕೆಂದು ಇನ್ನೂ ತಿಳಿದಿಲ್ಲ. ತೊಟ್ಟಿಲು ನಟ್ಟನಡುವೆ ತೂಗುತ್ತದೆ. ಜೋರು ಗಾಳಿ ಬಂದಾಗ ನಾವು ತೂಗಬೇಕಾಗಿಲ್ಲ, ಕಂಬವೇ ತೂಗುತ್ತದೆ. ಮುಂಜಾನೆ ಮಂಜುಬಲೆಗೆ ಸಿಕ್ಕ ನೀರು ಮನೆಗೆ ಎರಡು ಕೊಡ ಬರುತ್ತದೆ, ಅದರಲ್ಲಿ ಒಂದು ಕೂಸಿಗೇ ಮೀಸಲು. ನಾನು ಧೂಳಳತೆಯ ಕಚೇರಿಯಲ್ಲಿದ್ದೆ, ಯಾವ ಊರಿಗೆ ಯಾವಾಗ ಧೂಳು ಬರುತ್ತದೆಂದು ಮೊದಲೇ ಹೇಳುವ ಕೆಲಸ. ಕೂಸು ಹುಟ್ಟಿದ ಮೇಲೆ ಸಾವಿರದಿನಕ್ಕೆ ಕುಳಿತಿದ್ದೇನೆ. ಸಾವಿರದಿನ ಎಂದರೆ ತಾಯಿ ತಂದೆಯರಲ್ಲಿ ಒಬ್ಬರು ಸಾವಿರ ದಿನ ಮನೆಯಲ್ಲಿದ್ದು ಕೂಸನ್ನು ನೋಡಿಕೊಳ್ಳಬೇಕೆಂಬ ಕಾಯಿದೆ. ನನ್ನ ಗಂಡ ಫಕೀರೇಶನಿಗೆ ಸಮುದ್ರದ ಉಪ್ಪುಗಟ್ಟೆಯ ಮೇಲೆ ಕೆಲಸ, ಆರು ತಿಂಗಳಿಗೊಮ್ಮೆ ಬರುತ್ತಾನೆ. ಹೀಗಾಗಿ ಕುಳಿತವಳು ನಾನು. ಬಟ್ಟೆಗಳು ತಾವೇ ಒಗೆದುಕೊಳ್ಳುತ್ತವೆ, ಪಾತ್ರೆಗಳು ತಾವೇ ತೊಳೆದುಕೊಳ್ಳುತ್ತವೆ. ಆದರೂ ಬೆಳಗ್ಗೆ ಕಾಸಿದ ಚಹಾವನ್ನು ಮಧ್ಯಾಹ್ನ ಮೂರನೆಯ ಸಲ ಬಿಸಿಮಾಡಿ, ಸಂಜೆ ಚೆಲ್ಲುತ್ತೇನೆ. ನಿನ್ನ ಕಾಲದಿಂದೀಚಿನ ನೂರಾ ಅರವತ್ತೊಂಬತ್ತು ವರ್ಷದಲ್ಲಿ ಇದಕ್ಕೆ ಮಾತ್ರ ಯಾರೂ ಯಂತ್ರ ಕಂಡುಹಿಡಿದಿಲ್ಲ.

ಇನ್ನು ನಿನ್ನ ವಿಚಾರ. ನೀನು ಇಲ್ಲಿ ದೊಡ್ಡ ಮನುಷ್ಯ. ಕಾಲೇಜು ಮಾಸ್ತರನಾದ ನೀನು ಮಗನ ಮೊದಲ ವರ್ಷವನ್ನು ಕುರಿತು ಬರೆಯುತ್ತಿರುವ ಪುಸ್ತಕ, ಆ 'ತೊಟ್ಟಿಲ ಪಕ್ಕದ ತಂದೆ', ಮುಂದೆ ಮಹಾಂತ ಪದ್ಧತಿ ಎಂಬ ಹೆಸರಿನಲ್ಲಿ ಮನೆಮನೆಯ ನಿಯಮವಾಗುತ್ತದೆ. ಸಾವಿರದಿನಕ್ಕೆ ಕುಳಿತ ಪ್ರತಿಯೊಬ್ಬರೂ ಅದನ್ನು ಪಾಲಿಸಬೇಕು. ಪುಸ್ತಕ ಓದುವ ಕಷ್ಟವೂ ನಮಗಿಲ್ಲ. ನಿನ್ನ ದನಿಯನ್ನೇ ಗೋಡೆಯೊಳಗೆ ಕೂರಿಸಿದ್ದಾರೆ, ಅದಕ್ಕೆ ಗೋಡೆಯಪ್ಪ ಎನ್ನುತ್ತಾರೆ. ಬೆಳಗ್ಗೆ ಏಳುತ್ತಿದ್ದಂತೆ ಗೋಡೆಯಪ್ಪ ಶುರು: ಕೂಸನ್ನು ಮೃದುವಾಗಿ ಎತ್ತಿಕೊಳ್ಳಿ, ನಾನು ಹೀಗೆಯೇ ಎತ್ತಿಕೊಳ್ಳುತ್ತಿದ್ದೆ. ಕೂಸು ಕಕ್ಕಿದರೆ ಬೇಸರಿಸಬೇಡಿ, ನನ್ನ ಹೆಗಲ ಮೇಲೆ ಎಷ್ಟು ಸಲ ಕಕ್ಕಿತ್ತೋ ಲೆಕ್ಕವಿಲ್ಲ. ಹಾಲಿನಲ್ಲಿ ಅದ್ದಿದಂಥ ದನಿ. ನಾನೂ ಮೊದಲ ತಿಂಗಳು ಕಣ್ಣೀರು ಹಾಕಿಕೊಂಡು ಕೇಳಿದೆ. ನನ್ನ ವಂಶದಲ್ಲಿ ಇಂಥ ಗಂಡಸೊಬ್ಬ ಇದ್ದನಲ್ಲ ಎಂದು ಹೆಮ್ಮೆಪಟ್ಟೆ. ಆ ಹೆಮ್ಮೆ ನೆನೆದರೆ ಈಗ ಮೈ ಉರಿಯುತ್ತದೆ.

ಕೂಸಿಗೆ ಎರೆಯುವುದು, ಅಂದರೆ ನೀರು ಹಾಕುವುದು, ಇವತ್ತಿಗೂ ಕೈಯಿಂದಲೇ ಆಗಬೇಕು. ಪದ್ಧತಿಯಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಬೇಕು. ಅಲ್ಲಿಯವರೆಗೆ ಸರಿ. ಆಮೇಲೆ ನಿನ್ನ ಆ ಪ್ರಸಿದ್ಧ ವಾಕ್ಯ: 'ಕೂಸಿನ ತಲೆ ನಮ್ಮ ಹೊಟ್ಟೆಯ ಕಡೆಗಿರಲಿ, ನಮ್ಮ ಎದೆಬಡಿತ ಅದಕ್ಕೆ ಕೇಳಿಸುತ್ತಿರಲಿ.' ಈ ವಾಕ್ಯವನ್ನು ಆಸ್ಪತ್ರೆಗಳ ಗೋಡೆಯ ಮೇಲೆ ಕೆತ್ತಿದ್ದಾರೆ. ನನಗೆ ತಾಯಿಯಿಲ್ಲ, ಅತ್ತೆಯಿಲ್ಲ, ಎರೆದು ತೋರಿಸಲು ಮನೆಯಲ್ಲಿ ಒಂದು ಹಿರಿಜೀವ ಇರಲಿಲ್ಲ. ಆಸ್ಪತ್ರೆಯವರು ನಲವತ್ತು ದಿನ ಒರೆಸುವುದಷ್ಟೇ ಸಾಕೆಂದಿದ್ದರು. ನಲವತ್ತೊಂದನೆಯ ದಿನ ಗೋಡೆಯಪ್ಪನ ಮಾತು ಕೇಳಿ ಹಾಗೆಯೇ ಮಲಗಿಸಿದೆ. ಕೂಸಿನ ಮುಖ ನನ್ನ ಹೊಟ್ಟೆಯ ಅಡಿಗೆ ಸೇರಿಕೊಂಡಿತು, ಸರಿಯಾಗಿ ಕಾಣಲಿಲ್ಲ. ತಂಬಿಗೆ ಬಗ್ಗಿಸಿದೆ. ಹಿಂದಕ್ಕೆ ಹರಿದುಹೋಗಲು ಜಾಗವಿಲ್ಲದ ನೀರು ಮೂಗಿಗೆ ನುಗ್ಗಿತು. ನನ್ನ ಮಗಳು ಅಳಲೂ ಇಲ್ಲ. ಬಾಯಿ ತೆರೆದಳು, ಉಸಿರು ಬರಲಿಲ್ಲ, ತುಟಿ ನೀಲಿಯಾಯಿತು. ಬೋರಲು ಹಾಕಿ ಬೆನ್ನಿಗೆ ಬಡಿದೆ, ಬಡಿದೆ. ಆಗ ಗೋಡೆಯಲ್ಲಿ ನೀನು ಏನೆನ್ನುತ್ತಿದ್ದೆ ಗೊತ್ತೇ? "ಚೆನ್ನಾಗಿದೆ. ಕೂಸು ನಗುತ್ತಿದೆಯಲ್ಲವೇ?" ಎನ್ನುತ್ತಿದ್ದೆ.

ಬದುಕಿದಳು. ಒಮ್ಮೆ ಸೀನಿ, ಆಮೇಲೆ ಇಡೀ ಕಂಬಕ್ಕೆ ಕೇಳುವಂತೆ ಅತ್ತಳು. ಆ ಅಳು ಕೇಳಿ ಕೆಳಗಿನ ಮನೆಯ ಸಕ್ಕರವ್ವ ಓಡಿಬಂದಳು. ಮುದುಕಿ ನಡೆದದ್ದನ್ನು ಕೇಳಿ ಹಣೆ ಬಡಿದುಕೊಂಡಳು. "ಹುಚ್ಚಿ ಅದೀಯೇನಬೇ? ತಲಿ ಪಾದದ ಕಡೆ ಇರಬೇಕು. ಪುಸ್ತಕದಾಗ ತಪ್ಪೈತಿ ಅಂತ ಎಲ್ಲಾರಿಗೂ ಗೊತ್ತೈತಿ." ಹಾಗಾದರೆ ಯಾರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅಷ್ಟ್ ದೊಡ್ಡವ್ರ ಬರದಾರ, ನಾವೇನ್ ಹೇಳೂಣು. ಸುಮ್ಮ ತಿರಗಿ ಹಾಕ್ಕೋತೀವಿ" ಎಂದಳು. ತಲೆತಲೆಮಾರಿನಿಂದ ಹೆಂಗಸರು ನಿನ್ನ ವಾಕ್ಯಕ್ಕೆ ಕೈಮುಗಿದು, ಕೂಸನ್ನು ಸುಮ್ಮನೆ ತಿರುಗಿಸಿ ಮಲಗಿಸಿಕೊಂಡಿದ್ದಾರೆ. ಆ ಸುಮ್ಮನಿರುವಿಕೆಯ ಮೇಲೂ ನನಗೆ ಸಿಟ್ಟಿದೆ. ಆದರೆ ಓಲೆ ಒಂದೇ ಇರುವುದು, ಎಲ್ಲರಿಗೂ ಬರೆಯಲಾಗದು.

ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಒಂದೇ ಒಂದು ದಿನ ಕೂಸಿಗೆ ಎರೆದಿದ್ದರೂ ಈ ತಪ್ಪು ಸಾಧ್ಯವಿಲ್ಲ. ಹಾಗಾದರೆ ನೀನು ಇದನ್ನೆಲ್ಲ ಎಲ್ಲಿಂದ ತಂದೆ?

ಮನೆತನದ ಹಳೆಯ ಸಾಮಾನಿನಲ್ಲಿ ನಿನ್ನ ಪೆನ್ನು, ನಿನ್ನ ಕನ್ನಡಕ, ನಿನಗೆ ಹೊದಿಸಿದ ಶಾಲುಗಳು ಇದ್ದವು. ಎಲ್ಲದರ ಅಡಿಯಲ್ಲಿ ನಿನ್ನ ಹೆಂಡತಿ ದಾಕ್ಷಾಯಣಿಯ ಒಂದು ಒಡೆದ ಮೊಬೈಲು. ಅವಳ ಬಗ್ಗೆ ನಮಗೆ ಗೊತ್ತಿದ್ದದ್ದು ನಿನ್ನ ಪುಸ್ತಕದಲ್ಲಿ ಅವಳನ್ನು ಕುರಿತು ಇರುವ ಒಂದೇ ಸಾಲು: 'ಅತ್ತ ಕೂಸಿನ ತಾಯಿ ವಿಶ್ರಾಂತಿ ಪಡೆಯುತ್ತಿದ್ದಳು.' ಮೊಬೈಲು ರಿಪೇರಿಯವನು ಅದರ ಹೊಟ್ಟೆಯಿಂದ ಮುನ್ನೂರು ಚಿಲ್ಲರೆ ಧ್ವನಿಸಂದೇಶ ತೆಗೆದುಕೊಟ್ಟ. ಎಲ್ಲವೂ ಇಳಕಲ್ಲಿನಲ್ಲಿದ್ದ ಅಕ್ಕ ಗೌರವ್ವನಿಗೆ ಕಳಿಸಿದವು. ದಾಕ್ಷಾಯಣಿ ಬಸ್ ಕಂಡಕ್ಟರ್ ಆಗಿದ್ದವಳು, ಕೂಸಿಗಾಗಿ ನೌಕರಿ ಬಿಟ್ಟು ಮನೆಯಲ್ಲಿ ಕುಳಿತವಳು ಎಂದು ಅವಳ ಬಾಯಿಂದಲೇ ತಿಳಿಯಿತು. "ಇಡೀ ಬಸ್ ಮಂದೀನ ಒಂದ್ ಸೀಟಿ ಹೊಡದು ಸುಮ್ಮ ಕೂಡ್ರಸ್ತಿದ್ದೆ. ಈ ಅಂಗೈಯಷ್ಟ್ ಕೂಸಿನ ಮುಂದ ಸೋತೆ ನೋಡಕ್ಕಾ" ಎಂದು ನಗುತ್ತಾಳೆ. ನಿನ್ನ ಪುಸ್ತಕದಲ್ಲಿರುವ, ಮೂರು ಸಲ ಬಿಸಿಮಾಡಿದ ಚಹಾದ ಮಾತು ಅವಳದು. ಹೆಗಲ ಮೇಲೆ ಕಕ್ಕಿದ ಮಾತು ಅವಳದು. ಕೂಸು ಮೊದಲ ಸಲ ನಕ್ಕದ್ದು ಅವಳ ಕೈಬಳೆ ನೋಡಿ. ನಿನ್ನ ಪುಸ್ತಕದಲ್ಲಿ ಅದು ನಿನ್ನ ಕೈಗಡಿಯಾರವಾಗಿದೆ.

ಐದನೆಯ ತಿಂಗಳ ಒಂದು ಸಂದೇಶವನ್ನು ನಾನು ಹನ್ನೆರಡು ಸಲ ಕೇಳಿದ್ದೇನೆ. "ಅಕ್ಕಾ, ಇವರು ಭಾಳ ಬದಲಾಗ್ಯಾರ. ದಿನಾ ಸಂಜೀಕ ಬಂದು, ಕೂಸು ಏನ್ ಮಾಡ್ತು, ನೀ ಏನ್ ಮಾಡಿದಿ ಅಂತ ಒಂದೊಂದ ಕೇಳ್ತಾರ. ಮುಂಚೆಲ್ಲಾ 'ನೀ ಮನ್ಯಾಗ ಆರಾಮ ಅದಿ ಬಿಡು' ಅಂತಿದ್ರು. ಈಗ ನಾ ಹೇಳೂದು ಮುಗಿಯೂತನಕ ಎದ್ದ ಹೋಗಂಗಿಲ್ಲ. ನನ್ನ ಮ್ಯಾಲೆ ಇಷ್ಟ ಕಾಳಜಿ ಐತಿ ಅಂತ ಗೊತ್ತ ಇರಲಿಲ್ಲಕ್ಕಾ."

ಕಾಳಜಿ! ಅವಳು ಮನಸ್ಸು ಬಿಚ್ಚಿ ಹೇಳಿದ್ದನ್ನೆಲ್ಲ ಹೊತ್ತೊಯ್ದು, ಪಕ್ಕದ ಕೋಣೆಯಲ್ಲಿ ಕುಳಿತು, 'ಅವಳು' ಎಂದಿರಬೇಕಾದ ಕಡೆಯಲ್ಲೆಲ್ಲ 'ನಾನು' ಎಂದು ಬರೆದುಕೊಂಡೆ. ನಿನಗಾಗಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಎದುರಿಗೆ ಕುಳಿತುಕೊಳ್ಳುತ್ತಿದ್ದ ಹೆಂಗಸು ಅದು. ಎರೆಯುವಾಗ ತಲೆ ಯಾವ ಕಡೆಗಿರಬೇಕೆಂದು ಮಾತ್ರ ಅವಳು ಹೇಳಿರಲಿಲ್ಲ. ಯಾಕೆ ಹೇಳುತ್ತಾಳೆ? ಎರೆದ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದು ಕೈಗೆ ಗೊತ್ತಿರುತ್ತದೆ. ನೀನು ಬಚ್ಚಲಿಗೆ ನಾಲ್ಕು ಹೆಜ್ಜೆ ನಡೆದು ಇಣುಕಿದ್ದರೆ ಸಾಕಿತ್ತು. ಅದನ್ನೂ ಮಾಡದೆ ಊಹಿಸಿಕೊಂಡೆ, ಆ ಊಹೆಗೆ ಎದೆಬಡಿತದ ಅಲಂಕಾರ ಬೇರೆ.

ಪುಸ್ತಕ ಬಂದ ದಿನ ಅವಳು ಕಳಿಸಿದ ಸಂದೇಶ ಬಹಳ ಚಿಕ್ಕದು. "ಅಕ್ಕಾ, ಪುಸ್ತಕ ಓದಿದೆ. ಎಲ್ಲಾ ನಂದ ಐತಿ. ನಾ ಎಲ್ಲೂ ಇಲ್ಲ." ಅದಾದ ಮೇಲೆ ಅವಳು ಅಕ್ಕನಿಗೆ ಏನನ್ನೂ ಹೇಳಿಲ್ಲ. ಮೊಬೈಲು ಇನ್ನೂ ನಾಲ್ಕು ವರ್ಷ ಬಳಕೆಯಲ್ಲಿತ್ತು, ಆದರೆ ಮಾತು ಅಲ್ಲಿಗೇ ನಿಂತಿದೆ.

ಈಗ ನಾನು ಮಾಡಿದ್ದನ್ನು ಕೇಳು. ನಿನ್ನ ಮನೆತನದಲ್ಲಿ ಚೊಚ್ಚಲ ಕೂಸಿಗೆ ನಿನ್ನ ಹೆಸರಿಡುವುದು ಪದ್ಧತಿ, ಗಂಡಾದರೆ ಮಹಾಂತೇಶ, ಹೆಣ್ಣಾದರೆ ಮಹಾಂತವ್ವ. ನನ್ನ ಮಗಳಿಗೂ ನಿನ್ನ ಹೆಸರೇ ಕಾದಿತ್ತು, ಅವಳ ಮೂಗಿಗೆ ನೀರು ನುಗ್ಗಿಸಿದವನ ಹೆಸರು. ಹೆಸರನ್ನು ಕಿವಿಯಲ್ಲಿ ಕೂಗುವವಳು ನಿನ್ನ ಕಾಲದಂತೆ ಸೋದರತ್ತೆ, ಅಂದರೆ ನನ್ನ ಗಂಡನ ಅಕ್ಕ ಚಂಪಕ್ಕ. ಅವಳು ನಿನ್ನ ಭಕ್ತೆ, ನಿನ್ನ ಪುಸ್ತಕವನ್ನು ಬಾಯಿಪಾಠ ಮಾಡಿಕೊಂಡವಳು. ಒಂದು ಮಧ್ಯಾಹ್ನ ಅವಳನ್ನು ಕೂರಿಸಿ ಸಂದೇಶಗಳನ್ನು ಕೇಳಿಸಿದೆ. ಮೊದಲು ವಾದ ಮಾಡಿದಳು. ಕಾಳಜಿಯ ಮಾತು ಬಂದಾಗ ತಲೆ ತಗ್ಗಿಸಿದಳು. ಕೊನೆಯದು ಮುಗಿದ ಮೇಲೆ ಎದ್ದು ನಿಂತು, "ಮುಗೀತು. ಇವನ ಹೆಸರು ನನ್ನ ಬಾಯಾಗ ಬರಂಗಿಲ್ಲ" ಎಂದಳು.

ತೊಟ್ಟಿಲ ಕಾರ್ಯ ನಿನ್ನೆ ಆಯಿತು. ಕಂಬದ ಹೆಂಗಸರೆಲ್ಲ ಬಂದಿದ್ದರು. ಚಂಪಕ್ಕ ಬಗ್ಗಿ ಕೂಸಿನ ಕಿವಿಗೆ ಬಾಯಿಟ್ಟು, ಮೂರು ಸಲ ಕುರ್‌ರ್ ಎಂದು, ದಾಕ್ಷಾಯಣಿ ಎಂದು ಕೂಗಿದಳು. ಹಾಗೆ ಕೂಗುವಾಗ ಹಿಂದೆ ನಿಂತ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದುವ ಪದ್ಧತಿ ನಿನಗೂ ಗೊತ್ತಿರಬೇಕು. ಪಾಯಸದ ವಾಸನೆಗೆ ನೀನೂ ಬಾಗಿಲಲ್ಲಿ ನಿಂತು ಅದನ್ನಾದರೂ ನೋಡಿರುತ್ತೀಯ. ಸಕ್ಕರವ್ವನ ಗುದ್ದಿಗೆ ಚಂಪಕ್ಕ ಮುಗ್ಗರಿಸಿದಳು, ನಕ್ಕಳು, ಇನ್ನೂ ಹೊಡೆಯಿರಿ ಎಂದಳು. ಯಾರ ಬೆನ್ನನ್ನು ನೆನೆದು ಗುದ್ದಬೇಕೆಂದು ನಾನು ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದೆ. ಇಪ್ಪತ್ತಮೂರು ಗುದ್ದು ಬಿದ್ದವು. ಒಂದೂ ಚಂಪಕ್ಕನಿಗಲ್ಲ.

ನಿನ್ನ ಹೆಸರು ಇನ್ನು ಈ ಮನೆತನದ ಯಾವ ಕಿವಿಗೂ ಹೋಗುವುದಿಲ್ಲ. ಇವತ್ತು ಬೆಳಗ್ಗೆ ನನ್ನ ಗೋಡೆಯಿಂದ ನಿನ್ನನ್ನು ಇಳಿಸಿ ಅವಳ ದನಿ ಕೂರಿಸಿದ್ದೇನೆ. ಸಂದೇಶಗಳು ಕಂಬದಿಂದ ಕಂಬಕ್ಕೆ ಹೋಗುತ್ತಿವೆ. ಈ ಬೇಸಿಗೆ ಮುಗಿಯುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಈ ಓಲೆ ಈಗ ಯಾರ ಕೈಯಲ್ಲಿದೆ ಎಂಬ ಮಾತೊಂದು ಉಳಿಯಿತು. ಹಿಂದೋಲೆ ತಲುಪಬೇಕಾದರೆ ಆ ಕಾಲದಿಂದ ಈ ಕಾಲದವರೆಗೆ ಉಳಿದು ಬಂದ ಒಂದು ವಸ್ತು ಬೇಕು, ಓಲೆ ಅದರ ಬಳಿಯೇ ಇಳಿಯುತ್ತದೆ. ಹಿಂದೋಲೆಗಳನ್ನು ಕಳಿಸುವ ಓಲೆಮನೆಯವರು ನಿನ್ನ ಪೆನ್ನನ್ನು ಆರಿಸಿಕೊಳ್ಳಿ ಎಂದರು. ನಾನು ಒಂದು ತಗಡಿನ ಡಬ್ಬಿ ಕೊಟ್ಟೆ. ಕೂಸಿಗೆ ತೇಯುವ ಬಜೆಬೇರು ಇಡುತ್ತಿದ್ದ ಡಬ್ಬಿ, ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಅಜವಾನದ ಪಕ್ಕದಲ್ಲಿ ಇರುವಂಥದ್ದು. ಆ ಹಲಗೆಗೆ ನಿನ್ನ ಕೈ ಒಂದು ದಿನವೂ ಹೋಗಿಲ್ಲ, ಮಹಾಂತೇಶ. ಆ ಡಬ್ಬಿಯನ್ನು ದಿನಾ ಬೆಳಗ್ಗೆ ಇಳಿಸುವ ಕೈ ಒಂದೇ.

ದಾಕ್ಷಾಯಣಿ ಅವ್ವಾ, ನಮಸ್ಕಾರ. ಇಷ್ಟು ಹೊತ್ತು ಅವನ ಹೆಸರಿನಲ್ಲಿ ಬರೆದದ್ದಕ್ಕೆ ಕ್ಷಮಿಸು, ದಾಖಲೆಯಲ್ಲಿ ಇರುವುದು ಅವನ ಹೆಸರು ಮಾತ್ರ, ಅದಿಲ್ಲದಿದ್ದರೆ ಓಲೆಮನೆಯವರು ಮುದ್ರೆ ಒತ್ತುತ್ತಿರಲಿಲ್ಲ. ಈ ಓಲೆ ಇಳಿದಿರುವ ನಿನ್ನ ದಿನಕ್ಕೆ ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ. ಎರೆಯುವ ಅಧ್ಯಾಯವನ್ನು ಅವನು ಈ ವಾರ ಬರೆಯುತ್ತಾನೆ. ಇವತ್ತು ಸಂಜೆ ಬಂದು, ಚಪ್ಪಲಿ ಕಳಚಿ, ಆ ಹಾಲಿನ ದನಿಯಲ್ಲಿ ಇವತ್ತು ಏನು ಮಾಡಿದೆ ಎಂದು ಕೇಳುತ್ತಾನೆ. ಒಂದು ಮಾತೂ ಹೇಳಬೇಡ. ಆಗಿ ಹೋದದ್ದು ಬದಲಾಗುವುದಿಲ್ಲ ಎಂದು ಇಲ್ಲಿನ ತಿಳಿದವರು ಹೇಳುತ್ತಾರೆ. ಬದಲಾದರೆ ಬದಲಾಗಲಿ, ನನಗೇನೂ ಭಯವಿಲ್ಲ.

ಒಲೆಯ ಮೇಲೆ ನಿನ್ನ ಚಹಾ ಇದೆ, ಈಗಷ್ಟೇ ಕುದಿದಿರಬೇಕು. ಕೂಸು ಅತ್ತರೆ ಎರಡು ನಿಮಿಷ ಅಳಲಿ. ಮೊದಲು ಚಹಾ ಬಿಸಿಬಿಸಿಯಾಗಿ ಕುಡಿ. ಸಂಜೆ ಅವನು ಬಂದ ಮೇಲೆ ಈ ಓಲೆಯನ್ನು ಅವನ ಕೈಗೆ ಕೊಟ್ಟು, ಎದುರಿಗೆ ಕುಳಿತು, ಜೋರಾಗಿ ಓದಿಸು.

ನಿನ್ನ ನೀಲಗಂಗಾ