ಹೊಲಿಗೆ ಅವಳಿಗೆ, ಉತ್ತರ ನನ್ನದು

ವೈದ್ಯಕೀಯ ಅಧೀಕ್ಷಕರ ಸನ್ನಿಧಾನಕ್ಕೆ,

ಮಾನ್ಯರೇ,

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸಮಸ್ತ ಮಹಾಜನತೆಗೆ ಈ ಮೂಲಕ ಪ್ರಕಟಿಸುವುದೇನೆಂದರೆ, ನಾನು ಹೇಳಿದ ಜೋಕಿಗೆ ನನ್ನ ಹೆಂಡತಿ ಸರ್ವಮಂಗಳ ನಕ್ಕಳು. ಮದುವೆಯಾದ ಮೇಲೆ ಇದೇ ಮೊದಲು. ಅದೂ ಕಣ್ಣಲ್ಲಿ ನೀರು ಬರುವಷ್ಟು. ವಾರವಾರ ಪತ್ರಿಕೆಗೆ ಹಾಸ್ಯ ಬರೆಯುವವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ? ಈ ಸಮಾರಂಭ ತಮ್ಮ ಆಸ್ಪತ್ರೆಯ ವಾರ್ಡಿನಲ್ಲಿ, ಅವಳ ಗರ್ಭಕೋಶದ ಆಪರೇಷನ್ ಆದ ಮಾರನೆಯ ದಿನ ನಡೆದದ್ದರಿಂದ ಈ ವಾರದ ಅಂಕಣವನ್ನು ತಮಗೇ ಬರೆಯುತ್ತಿದ್ದೇನೆ. ದೂರು ಇಷ್ಟೇ: ತಮ್ಮಲ್ಲಿ ಹೊಟ್ಟೆ ಕೊಯ್ಯುವುದು ಒಬ್ಬರದು, ನೋವೆಷ್ಟು ಎಂದು ಕೇಳುವುದು ಇನ್ನೊಬ್ಬರನ್ನು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅರ್ಧ ತಪ್ಪು ಆ ಇನ್ನೊಬ್ಬನದು.

ಅಂದು ಬೆಳಿಗ್ಗೆ ನರ್ಸ್ ಪವಿತ್ರಾ ಬಂದು, "ನೋವು ಎಷ್ಟಿದೆ? ಸೊನ್ನೆ ಅಂದ್ರೆ ಇಲ್ಲ, ಹತ್ತು ಅಂದ್ರೆ ತಡೆಯೋಕೇ ಆಗಲ್ಲ" ಎಂದು ಕೇಳಿದರು. ಕೇಳುವಾಗ ನೋಡಿದ್ದು ನನ್ನ ಮುಖ. ಯಾಕೆ ನೋಡಬಾರದು? ಆಪರೇಷನ್ನಿಗೆ ಸಹಿ ಹಾಕಿದವನು ನಾನು. ರೋಗಿಗೆ ಗಂಜಿಯೋ ಇಡ್ಲಿಯೋ ಎಂದು ತೀರ್ಮಾನಿಸಿದವನೂ ನಾನು. ಇಷ್ಟೆಲ್ಲ ಖಾತೆ ವಹಿಸಿಕೊಂಡವನು ನೋವಿನ ಖಾತೆಯೊಂದನ್ನು ಬಿಡುವುದುಂಟೇ? "ಒಂದು ಅಂತ ಬರ್ಕೊಳಿ ಸಿಸ್ಟರ್. ನಮ್ಮನೆಯೋಳು ಗಟ್ಟಿಗಿತ್ತಿ" ಎಂದೆ. ಸರ್ವಮಂಗಳ ಸೂರು ನೋಡುತ್ತ, ಅಲ್ಲಾಡದೆ ಮಲಗಿದ್ದಳು. ಒಂದೇ ಅಂಕಿಯ ನೋವಿಗೆ ಇಂಜೆಕ್ಷನ್ ಏಕೆ ಎಂದು ಪವಿತ್ರಾ ಮಾತ್ರೆ ಕೊಟ್ಟು ಹೋದರು.

ಮಧ್ಯಾಹ್ನ ಹೊನ್ನವಳ್ಳಿಯಿಂದ ಅವಳ ಅಕ್ಕ ನಿಂಗಮ್ಮ ನೆಂಟರನ್ನೆಲ್ಲ ಕರೆದುಕೊಂಡು ಬಂದರು. ಇಷ್ಟು ಜನ ಸಿಕ್ಕರೆ ನಾನು ಸುಮ್ಮನಿರುತ್ತೇನೆಯೇ? ಭಾವಮೈದ ಸೂರ್ಯಪ್ರಕಾಶ್ ತೆಂಗಿನಮರ ಹತ್ತುವ ಯಂತ್ರ ತಂದು, ಅರ್ಧ ಮರದಲ್ಲಿ ಸಿಕ್ಕಿಹಾಕಿಕೊಂಡು, ಅಲ್ಲಿಂದಲೇ ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದ್ದನ್ನು ಹೇಳಿದೆ. ಆ ಕಡೆಯಿಂದ "ಕನ್ನಡಕ್ಕಾಗಿ ಎರಡನ್ನು ಒತ್ತಿ" ಎಂದರಂತೆ. ಒತ್ತಬೇಕಾದರೆ ಮರ ತಬ್ಬಿದ ಕೈ ಬಿಡಬೇಕು. ವಾರ್ಡೆಲ್ಲ ನಕ್ಕಿತು. ಸರ್ವಮಂಗಳ ಹೊಟ್ಟೆ ಹಿಡಿದುಕೊಂಡಳು, ಕಣ್ಣೊರೆಸಿಕೊಂಡಳು.

"ನೀನಿದ್ರೆ ಇವ್ಳಿಗೆ ಮಾತ್ರೆನೂ ಬ್ಯಾಡ ಬುಡು ಕಣಪ್ಪ" ಎಂದರು ನಿಂಗಮ್ಮ. ನಾನು ಉಬ್ಬಿಹೋಗಿ ಪವಿತ್ರಾ ಅವರನ್ನು ಕೂಗಿ, "ಸೊನ್ನೆ ಅಂತಲೇ ಬರ್ಕೊಳಿ, ನೋಡಿ ಹೆಂಗೆ ನಗ್ತಾವ್ಳೆ" ಎಂದೆ. ಅವರು ಬರೆದುಕೊಂಡರು.

ಮೂರನೆಯ ದಿನಕ್ಕೆ ಜ್ವರ ಬಂತು. ಉಸಿರಾಡಿದರೆ ಎದೆಯಲ್ಲಿ ಗೊರಗೊರ ಸದ್ದು. ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಇವರು ಕೆಮ್ಮಿಲ್ಲ, ಉಸಿರನ್ನೂ ಪೂರ್ತಿ ಎಳೆದುಕೊಂಡಿಲ್ಲ, ಕಫ ಒಳಗೇ ಕೂತಿದೆ, ಹೀಗೇ ಬಿಟ್ಟರೆ ನ್ಯುಮೋನಿಯಾ ಆಗುತ್ತದೆ ಎಂದರು. "ನೋವೆಷ್ಟು?" ಎಂದು ಕೇಳಿದ್ದೇ ತಡ, ನಾನು "ಸೊನ್ನೆ" ಎಂದೆ.

"ಹೊಲಿಗೆ ಬಿದ್ದಿರೋದು ನಿಮಗಾ?"

ಡಾಕ್ಟರು ಅವಳತ್ತ ತಿರುಗಿ, "ಒಂದ್ಸಲ ಕೆಮ್ಮಿ ನೋಡಮ್ಮ" ಎಂದರು. ಅವಳ ಕಣ್ಣಲ್ಲಿ ಅಂದು ನಕ್ಕಾಗಿನಂತೆಯೇ ನೀರು ತುಂಬಿತು. ಈ ಸಲ ಯಾರೂ ನಗುತ್ತಿರಲಿಲ್ಲವಾದ್ದರಿಂದ ಅದು ಏನೆಂದು ನನಗೂ ಗೊತ್ತಾಯಿತು.

"ಸುಮ್ನೆ ಮಲಗಿದ್ರೆ ಎರಡು ಸಾರ್. ಕೆಮ್ಮಿದ್ರೆ ಎಂಟು. ಇವ್ರು ಜೋಕ್ ಹೇಳಿದ್ರೆ ಒಂಬತ್ತು."

ಇಂಜೆಕ್ಷನ್ ಕೊಟ್ಟರು. ಸಂಜೆ ಎದ್ದು ಕೂತು, ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮಿದಳು. ಪಕ್ಕದಲ್ಲಿ ಯಾರೂ ಇಲ್ಲದಾಗ ಕೇಳಿದೆ, "ಅಷ್ಟು ನೋವಿದ್ರೆ ಯಾಕೇ ನಕ್ಕೆ?"

"ಎಲ್ರೂ ನಗ್ತಿರುವಾಗ ನಾನೊಬ್ಬಳು ಸುಮ್ನಿದ್ರೆ ನಿಮ್ ಮುಖ ನೋಡಕ್ಕಾಗಲ್ಲ ಕಣ್ರೀ" ಎಂದಳು.

ಮಾನ್ಯರೇ, ತಮ್ಮನ್ನು ಬೈಯಬೇಕೆಂದೇ ಪೆನ್ನು ಹಿಡಿದೆ. ಆದರೆ ತಮಗೆಂದು ಬರೆದ ಬೈಗುಳವೆಲ್ಲ ನನಗೇ ಅಳತೆಗೆ ಸರಿಯಾಗಿ ಕೂರುತ್ತಿದೆ. ಆದರೂ ತಮ್ಮ ಪಾಲಿನ ತಪ್ಪನ್ನು ಮನ್ನಾ ಮಾಡಲಾರೆ. ಬಿ.ಪಿ. ನೋಡುವಾಗ ಪಟ್ಟಿಯನ್ನು ಗಂಡನ ತೋಳಿಗೆ ಸುತ್ತುತ್ತೀರಾ? ಇಲ್ಲ ತಾನೇ, ಮತ್ತೆ ನೋವನ್ನೇಕೆ ಅವನ ಬಾಯಿಂದ ಅಳೆಯುತ್ತೀರಿ? ಅಲ್ಲಾಡದೆ ಮಲಗಿದ ಹೆಂಗಸು, ನೆಂಟರ ಮುಂದೆ, ಗಂಡ ಆಗಲೇ ಹೇಳಿದ ಅಂಕಿಯನ್ನು ತಿದ್ದುತ್ತಾಳೆಂದು ಯಾವ ಪುಸ್ತಕದಲ್ಲಿದೆ?

ಆದ್ದರಿಂದ ಆಗ್ರಹಿಸುತ್ತೇನೆ: ನೋವನ್ನು ಕೇಳುವ ಮುಂಚೆ ನಮ್ಮಂಥವರನ್ನು ಹೊರಗೆ ಕಳಿಸಿ. ರೋಗಿಯನ್ನೇ ಕೇಳಿ. ಮಲಗಿದ್ದಾಗ ಒಂದು ಸಲ, ಕೆಮ್ಮಿಸಿ, ಮಗ್ಗುಲು ಬದಲಿಸಿ ಇನ್ನೊಂದು ಸಲ. ಔಷಧಿ ಕೊಟ್ಟ ಮೇಲೆ ಮತ್ತೆ ಬಂದು ಕೇಳಿ.

ಈಗ ಜ್ವರ ಬಿಟ್ಟಿದೆ, ಕಫ ಇಳಿದಿದೆ, ಸರ್ವಮಂಗಳ ಮನೆಯಲ್ಲಿದ್ದಾಳೆ. ಇದನ್ನು ಓದಿ ಅವಳನ್ನು ನೋಡಲು ಬರುವವರಲ್ಲಿ ಒಂದು ಸಣ್ಣ ವಿನಂತಿ. ಹೇಗಿದ್ದೀಯಮ್ಮ ಎಂದು ಕೇಳುವ ಮೊದಲು, ಬೋರ್‌ವೆಲ್‌ಗೆ ಕರೆಂಟ್ ಬಂತಾ ನೋಡಿಕೊಂಡು ಬಾ ಎಂದು ನನ್ನನ್ನು ತೋಟಕ್ಕೆ ಅಟ್ಟಿಬಿಡಿ.

ಇಂತಿ,
ಕೇಳದಿದ್ದರೂ ಉತ್ತರ ಹೇಳಿದವನು,
ಮಲ್ಲಿಕಾರ್ಜುನಯ್ಯ, ಅರಳಗುಪ್ಪೆ