ಡೆಲಿವರ್ಡ್, ನೂರಕ್ಕೆ ನೂರು

ಜನವರಿ 9, ಬೆಳಿಗ್ಗೆ 7.20
ಎರಡು ಆನೆ, ಒಂದು ಮರಿ. ಹಳ್ಳ ದಾಟಿ ಎಸ್ಟೇಟ್ ಕಡೆ. ಆನೆ ಕೊರಳಿನ ಕಾಲರ್‌ನಿಂದ ಸಿಗ್ನಲ್ ಬಂದ ಐದೇ ನಿಮಿಷಕ್ಕೆ ಎಸ್ಸೆಮ್ಮೆಸ್ ಬಿಟ್ಟೆ. 412 ನಂಬರ್, ಎಲ್ಲಾ ಡೆಲಿವರ್ಡ್. ನಮ್ಮ ಆಫೀಸರ್ ಕಿರಣ್‌ಕುಮಾರ್ ಸರ್‌ಗೆ ಖುಷಿಯೋ ಖುಷಿ. ನೂರಕ್ಕೆ ನೂರು ತೆಗೆದ ಅಲರ್ಟ್ ಸೆಲ್ ನಮ್ಮದೊಂದೇ ಅಂತೆ. ಆನೆಗೂ ಒಂದು ಕಾಪಿ ಕಳಿಸೋಣ ಸರ್ ಅಂದೆ. ನಗಲಿಲ್ಲ. ಗೋಣಿಕೊಪ್ಪಲಿನಲ್ಲಿ ಬಸ್ಸು ತಪ್ಪಿ, ಜೀಪಿನಲ್ಲಿ ನಿಂತೇ ಬಂದೆ. ಕಾಲು ನೋವು.

ಜನವರಿ 16, ಮಧ್ಯಾಹ್ನ
6.50ಕ್ಕೆ ಅಲರ್ಟ್ ಬಿಟ್ಟಿದ್ದೆ. ಎಂಟೂವರೆಗೆ ಫೋನ್ ಬಂತು. ಹಣ್ಣು ಕೊಯ್ಯಲು ಪಿಕಿಂಗ್‌ಗೆ ಹೋಗುತ್ತಿದ್ದ ಹೆಂಗಸು, ಕಾಫಿ ಗಿಡಗಳ ಮಧ್ಯೆ ಆನೆ… ಅಲ್ಲೇ ಹೋಯಿತು ಜೀವ. ಎಸ್ಟೇಟ್ ಕೂಲಿಗಳ ಲೈನ್‌ಮನೆಯ ಚೋಮಿ. ಒಂದೂವರೆ ಗಂಟೆ ಮೊದಲೇ ತಿಳಿಸಿದ್ದೆವಲ್ಲ — ಯಾಕೆ ಹೋದಳು?
ಸರ್ ಲಿಸ್ಟ್ ತೆಗೆಸಿದರು. ಅವಳ ಹೆಸರಿನ ಮುಂದೆ ಡೆಲಿವರ್ಡ್ ಅನ್ನುವ ಹಸಿರು ಟಿಕ್. ಮೆಸೇಜ್ ನೋಡಿಯೂ ಹೋಗಿದ್ದಾಳೆ, ನಮ್ಮ ತಪ್ಪಿಲ್ಲ ಅಂದರು. ನಿಜ ಹೇಳಬೇಕೆಂದರೆ, ಸಮಾಧಾನವಾಯಿತು.

ಅದೇ ದಿನ, 4.10
ಚೋಮಿಯ ಗಂಡ ಬಂದಿದ್ದ. ಕೂರು ಅಂದರೂ ಕೂರಲಿಲ್ಲ. ಸರ್ ಅವನಿಗೂ ಅದನ್ನೇ ಹೇಳಿದರು. ಅವನು ಸಿಟ್ಟು ಮಾಡಲಿಲ್ಲ. ನನ್ನ ಕಡೆ ತಿರುಗಿ ಕೇಳಿದ:
"ನಮ್ಗೆ ಫೋನೇ ಇಲ್ವಲ್ಲ ಅಕ್ಕ. ಅವ್ಳು ಎಲ್ಲಿ ನೋಡಿದ್ದು?"
ಅವನು ಹೋದ ಮೇಲೆ ಲಿಸ್ಟ್‌ನಲ್ಲಿ ನಂಬರ್ ನೋಡಿದೆ. ನನ್ನ ನಂಬರ್.
ಆಗಸ್ಟಿನಲ್ಲಿ ನಾನೇ ಹಾಕಿದ್ದು. ಸಂಜೆಯೊಳಗೆ ಅಲರ್ಟ್ ಲಿಸ್ಟ್‌ಗೆ ಲೈನ್‌ಮನೆಯವರ ನೋಂದಣಿ ಮುಗಿಯಬೇಕಿತ್ತು. ನಂಬರ್ ಇಲ್ಲದೆ ಫಾರ್ಮ್ ಮುಂದೆ ಹೋಗಲ್ಲ. ಫೋನ್ ಇಲ್ಲದ ಏಳು ಜನಕ್ಕೂ ನನ್ನದೇ ಹಾಕಿ, ಓಟಿಪಿ ಒತ್ತಿ ಮುಗಿಸಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ. ಆಮೇಲೆ ಪ್ರತಿ ಅಲರ್ಟೂ ನನ್ನ ಫೋನ್‌ಗೆ ಏಳೇಳು ಸಲ. ಕಿರಿಕಿರಿ ಅಂತ ಡಿಲೀಟ್ ಮಾಡುತ್ತಿದ್ದೆ. ಇವತ್ತು ಬೆಳಿಗ್ಗೆಯೂ ಮಾಡಿದೆ. ಚೋಮಿಗೆ ಬಂದ ಎಚ್ಚರಿಕೆ ಅಳಿಸಿದ್ದು ನಾನು. ನಾನು.

ಜನವರಿ 17
ಸರ್‌ಗೆ ಹೇಳಿಬಿಟ್ಟೆ. ಬಾಗಿಲು ಹಾಕಿ ಬಂದು ಕೂತರು.
"ಇದು ಇಲ್ಲೇ ಇರ್ಲಿ ಅನುಶ್ರೀ. ಹೊರಗೆ ಹೋದ್ರೆ ನಿನ್ ಕೆಲ್ಸನೂ ಇಲ್ಲ, ನಂದೂ ಇಲ್ಲ."
ವರದಿ ಟೈಪ್ ಆಗಿದೆ. ಎಚ್ಚರಿಕೆ ನಿರ್ಲಕ್ಷಿಸಿದ್ದರಿಂದ ಸಾವು. ನನ್ನ ಸಹಿ ಬೇಕಂತೆ.
ನಾಳೆ ಹಾಕುತ್ತೇನೆ ಅಂದು ಎದ್ದು ಬಂದೆ.

ಜನವರಿ 20, 11.35
ಕಚೇರಿಯಲ್ಲೇ ಬರೆಯುತ್ತಿದ್ದೇನೆ. ಸರ್ ನೋಟ್ಸ್ ಮಾಡಿಕೋ ಅಂದಿದ್ದಾರೆ, ಕೈಗೆ ಸಿಕ್ಕಿದ್ದು ಈ ಪುಸ್ತಕ. ಸಹಿ ಇನ್ನೂ ಹಾಕಿಲ್ಲ. ಮೇಲಿನ ಕಚೇರಿಯಿಂದ ತನಿಖೆಗೆ ಬಂದ ಮೇಡಂ ಹಸಿರು ಟಿಕ್ ನಂಬುತ್ತಿಲ್ಲ. ಲೈನ್‌ಮನೆಯ ಒಂಬತ್ತು ನಂಬರಿಗೂ ತಾವೇ ಫೋನ್ ಮಾಡುತ್ತಾರಂತೆ. ಚೋಮಿಯ ಗಂಡನನ್ನೂ ಕರೆಸಿದ್ದಾರೆ.
ಮೊದಲನೆಯದು ಎಸ್ಟೇಟ್ ಲೆಕ್ಕ ಬರೆಯುವ ರೈಟರ್ ನಾಣಯ್ಯನವರದು. ಎತ್ತಿದರು. ಎರಡನೆಯದು ಸ್ವಿಚ್ ಆಫ್. ಮೂರನೆಯದು ಚೋಮಿ.
ಫೋನ್ ಆಫ್ ಮಾಡು ಅಂತ ಸರ್ ಕಣ್ಣಲ್ಲೇ ಹೇಳುತ್ತಿದ್ದಾರೆ. ಬ್ಯಾಗಿನೊಳಗೆ ಕೈ ಹಾಕಿದೆ. ಗಂಡ ಮಾತ್ರ ಮೇಡಂ ಕೈಯಲ್ಲಿರುವ ಫೋನನ್ನೇ ನೋಡುತ್ತಿದ್ದಾನೆ, ಆ ಕಡೆಯಿಂದ ಅವಳೇ ಎತ್ತಿ ಮಾತಾಡುತ್ತಾಳೆ ಅನ್ನುವ ಹಾಗೆ.
ಆಫ್ ಮಾಡಲಿಲ್ಲ. ಹೊರಗೆ ತೆಗೆದು ಮೇಜಿನ ಮೇಲಿಟ್ಟೆ, ಅವನೆದುರಿಗೆ. ಮೇಡಂ ಕೊನೆಯ ಅಂಕಿ ಒತ್ತಿ…